ಗಂಟೆಗೆ ಇಪ್ಪತ್ತು ಮಿಲಿ

ಗ್ರಿಮ್ಸ್‌ಬಿಯಲ್ಲಿ ಬೆಳಗಿನ ಏಳಕ್ಕೂ ಕತ್ತಲೆ.
ವಾರ್ಡಿನ ಕಿಟಕಿಯಾಚೆ ಒಂದು ಕಡಲಹಕ್ಕಿ
ಯಾರೋ ಬಿಸಾಡಿದ ಪೊಟ್ಟಣ ಕುಕ್ಕುತ್ತಿದೆ.
ಒಳಗೆ, ಏಳನೇ ಮಂಚದಲ್ಲಿ, ಕ್ಲಿಫರ್ಡ್ ಬ್ಲಾಂಚರ್ಡ್.
ಮೂವತ್ತನಾಲ್ಕು ವರ್ಷ ಮೀನು ಕರಿದು
ಅರ್ಧ ಊರಿಗೆ ಉಣ್ಣಿಸಿದ ಮನುಷ್ಯ,
ಮೂರು ದಿನದಿಂದ ಒಂದಗುಳು ಕಂಡಿಲ್ಲ.

ಪಿತ್ತಕೋಶದಿಂದ ಜಾರಿದ ಕಲ್ಲು,
ಹೆಸರುಕಾಳಿನಷ್ಟು,
ಹೊರಬಾಗಿಲಿಗೆ ಅಡ್ಡ ಕೂತಿತು.
ಬೇಲಿಯೇ ಎದ್ದು ಹೊಲ ಮೇಯಿತು;
ಅನ್ನ ಅರಗಿಸಬೇಕಾದ ರಸ
ತನ್ನ ಗ್ರಂಥಿಯನ್ನೇ ಅರಗಿಸತೊಡಗಿತು.
ಮೇದೋಜೀರಕ. ಹೆಸರಲ್ಲೇ ಜೀರಿಗೆ ಇದೆಯಲ್ಲ
ಅಂತ ಓದುವಾಗ ನಕ್ಕಿದ್ದೆ.

ಈಗ ಅವರ ಮೂಗಿನಲ್ಲಿ ನಾನು ಹೇಳಿ ಹಾಕಿಸಿದ ನಳಿಕೆ.
ಮೂಗಿಗಿಂತ ಮೂಗುತಿ ಭಾರ;
ಕೆನ್ನೆಯ ಟೇಪಿನ ಅಂಚನ್ನು ಕೆರೆಯುತ್ತಲೇ ಇರುತ್ತಾರೆ.
ಮೊದಲ ರಾತ್ರಿ ಹೊಟ್ಟೆಗೆ ಬಿಟ್ಟದ್ದು ವಾಂತಿಯಾಯಿತು.
ಮರುದಿನ ಜಠರ ದಾಟಿಸಿ
ಸಣ್ಣ ಕರುಳಿನ ತಿರುವಿನಾಚೆ ಇಳಿಸಿದೆವು.
ಎಕ್ಸ್‌ರೇಯಲ್ಲಿ ಅದೊಂದು ಬಿಳಿ ದಾರ,
ಯಾರೋ ಹೊಲಿಯಲು ಶುರುಮಾಡಿ ಎದ್ದುಹೋದ ಹಾಗೆ.

ಗಂಟೆಗೆ ಇಪ್ಪತ್ತು ಮಿಲಿ.
ಪಂಪು ಗುಂಯ್ ಅನ್ನುತ್ತದೆ, ತಡೆಯುತ್ತದೆ, ಗುಂಯ್ ಅನ್ನುತ್ತದೆ.

"ಇದಕ್ಕೆ ರುಚಿ ಏನು?"
ನಾಲಿಗೆಗೆ ತಾಗುವುದೇ ಇಲ್ಲವಲ್ಲ, ಅನ್ನುತ್ತೇನೆ.
ಚೀಲ ತಿರುಗಿಸಿ ಚೀಟಿ ಓದುತ್ತಾರೆ:
"ರುಚಿ: ನ್ಯೂಟ್ರಲ್. ಯಾರನ್ನು ಕೇಳಿ ಬರೆದರಂತೆ?"

ಚಳ್ಳಕೆರೆಯಲ್ಲಿ ಮೆಸ್ ನಡೆಸುತ್ತಿದ್ದ
ತಿಪ್ಪೇರುದ್ರ ಮಾವನಿಗೂ ಇದೇ ಆಗಿತ್ತು.
ಆಗ ನನಗೆ ಒಂಬತ್ತು.
ಬಾಯಿಗೆ ಏನೂ ಬೇಡ ಅಂದರು, ಹನ್ನೊಂದು ದಿನ.
ಕೈಗೆ ಗ್ಲೂಕೋಸು, ತುಟಿಗೆ ಒದ್ದೆ ಹತ್ತಿ.
ಲಂಘನಂ ಪರಮೌಷಧಂ ಅಂತ ಅಜ್ಜಿ ತಲೆಯಾಡಿಸಿದಳು;
ಆಸ್ಪತ್ರೆಯೂ ಅಜ್ಜಿಯೂ ಒಪ್ಪಿದ್ದು
ಅದೊಂದೇ ಸಲ.
ಮಾವ ಹತ್ತಿರ ಕರೆದು ಪಿಸುಗುಟ್ಟಿದ:
ಒಂದು ಲೋಟ ಮಜ್ಜಿಗೆ, ಪುಟ್ಟಿ,
ಯಾರಿಗೂ ಗೊತ್ತಾಗದ ಹಾಗೆ.
ನಾನು ತರಲಿಲ್ಲ.
ಹೇಳಿದ ಮಾತು ಕೇಳುವ ಹುಡುಗಿ ಅಂತ ಹೊಗಳಿದರು.
ಹನ್ನೆರಡನೆಯ ದಿನದ ಬಗ್ಗೆ
ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಆ ಡಾಕ್ಟರದ್ದೂ ತಪ್ಪಲ್ಲ.
ಗ್ರಂಥಿಗೆ ವಿಶ್ರಾಂತಿ ಬೇಕು ಅಂತ ಆಗಿನ ಪುಸ್ತಕ.
ಈಗಿನದು ಬೇರೆ:
ಬರಿದಾದ ಕರುಳು ಪಾಳುಮನೆ,
ಗೋಡೆಯ ಸಂದಿಯಿಂದ ಕ್ರಿಮಿ ರಕ್ತಕ್ಕೆ ನುಗ್ಗುತ್ತವೆ,
ಒಲೆ ಆರಬಾರದು, ಸಣ್ಣಗಾದರೂ ಉರಿಯಬೇಕು.
ಇದನ್ನು ಬರೆದೇ ನಾನು ಪಾಸಾದದ್ದು.
ಮಜ್ಜಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ
ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಮಧ್ಯಾಹ್ನ ಹೆಂಡತಿ ಗ್ಲೆನಿಸ್ ಬಂದಳು,
ಕೈಚೀಲದಲ್ಲಿ ಅಂಗಡಿಯ ವಿನೆಗರ್ ಬಾಟಲಿ.
"ಕುಡಿಸೋದಿಲ್ಲಮ್ಮ. ಮೂಸಲಿ, ಅಷ್ಟೇ."
ನಿಯಮಗಳಲ್ಲಿ ಮೂಸುವುದರ ಬಗ್ಗೆ ಏನೂ ಇಲ್ಲ.
ಒಂದು ಹೊಳ್ಳೆಯಲ್ಲಿ ನಳಿಕೆ,
ಇನ್ನೊಂದರಲ್ಲಿ ಮೂವತ್ತನಾಲ್ಕು ವರ್ಷ.
"ಹ್ಯಾಡಕ್," ಅಂದರು ಕಣ್ಣು ಮುಚ್ಚಿ,
"ಶುಕ್ರವಾರ. ಸಾಲು ಬಸ್‌ಸ್ಟಾಪಿನವರೆಗೆ."

ಮೂವತ್ತು. ನಲವತ್ತೈದು.
ಫಾಸ್ಫೇಟ್ ಕುಸಿದ ದಿನ ಮತ್ತೆ ಇಪ್ಪತ್ತು.
ಜ್ವರ ಬಂತು, ಹೋಯಿತು, ಮತ್ತೆ ಬಂತು.
ಅರವತ್ತು.

ಹನ್ನೆರಡನೆಯ ಬೆಳಿಗ್ಗೆ, ಸ್ವಲ್ಪ ನಾಚಿಕೊಂಡೇ,
ಹಸಿವು ಅಂದರು.
ಬೆಣ್ಣೆಯಿಲ್ಲದ ಟೋಸ್ಟು, ಬೇಯಿಸಿದ ಸೇಬು.
"ನನ್ನ ಅಂಗಡಿಯಲ್ಲಿ ಇದನ್ನು ಬಡಿಸಿದವನನ್ನು
ಅಟ್ಟಾಡಿಸಿ ಓಡಿಸುತ್ತಿದ್ದೆ."
ಬಯ್ಯುತ್ತ ಅಗಿದರು, ಅಗಿಯುತ್ತ ಬಯ್ದರು.
ನಾನು ಪಂಪು ನೋಡುವ ನೆಪದಲ್ಲಿ ನಿಂತೆ.

ಊಟದ ಚಾರ್ಟಿನಲ್ಲಿ ನಾಲ್ಕು ಚೌಕ:
ಕಾಲು, ಅರ್ಧ, ಮುಕ್ಕಾಲು, ಪೂರ್ತಿ.
ಅರ್ಧಕ್ಕೆ ಗೀಟು ಹಾಕಿದೆ.
ಉಳಿದರ್ಧ ತಟ್ಟೆಯಲ್ಲಿತ್ತು;
ಎಸೆಯಲೆಂದು ಎತ್ತಿದವಳು
ಯಾಕೋ ಸ್ವಲ್ಪ ಹೊತ್ತು
ಹಿಡಿದೇ ನಿಂತಿದ್ದೆ.