ಡುಲೂತ್, ಮತದಾನದ ಹಿಂದಿನ ರಾತ್ರಿ

ಹೊರಗೆ ಸರೋವರ ಕಲ್ಲಾಗಿದೆ.
ಒಳಗೆ ಮೂರು ಮೇಜು, ಮೂರು ದೀಪ,
ಹಸಿರು ಬಟ್ಟೆಯ ಮೇಲೆ ಹೊಗೆ:
ಅಲ್ಲಿಗಷ್ಟೇ ಮೋಡ ಕವಿದ ಹಾಗೆ.

"ನನ್ನ ಅಂಗಡಿ, ನನ್ನ ಗಾಳಿ" ಅನ್ನುತ್ತಾನೆ ರೇನೋ.
"ಬೇಡದವರು ಬರದಿದ್ದರಾಯಿತು,
ಊರಲ್ಲಿ ಬಾಗಿಲಿಗೇನು ಬರಗಾಲವೇ?"
ಕ್ಯೂ ಕೋಲಿಗೆ ಸುಣ್ಣ ತಿಕ್ಕುತ್ತ ಆರ್ವಿಡ್ ಹೂಂಗುಟ್ಟುತ್ತಾನೆ:
ಮೂವತ್ತು ವರ್ಷ ಅದಿರಿನ ಧೂಳು ಕುಡಿದವನಿಗೆ
ಇದೊಂದೆಳೆ ಹೊಗೆ ಯಾವ ಲೆಕ್ಕ?

ಗ್ಲಾಸು ಒರೆಸುವ ವರ್ನಾ ಮಾತಾಡುವುದಿಲ್ಲ.
ಜೀವಮಾನದಲ್ಲಿ ಒಂದೂ ಸೇದಿದವಳಲ್ಲ;
ಅವಳ ಕೆಮ್ಮಿಗೆ ಮಾತ್ರ
ಇಲ್ಲಿನ ಎಲ್ಲರ ಬ್ರ್ಯಾಂಡೂ ಗೊತ್ತು.

ಇವತ್ತೂ ಕೆಮ್ಮಿದಳು. ಹೆಚ್ಚೇನಲ್ಲ,
ಒಂದು ಆಟ ಮುಗಿಯುವಷ್ಟು.
ಎಂಟನೇ ಚೆಂಡು ಕುಳಿಯ ಅಂಚಿಗೆ ಬಂದು
ನಿಂತೇಬಿಟ್ಟಿತು.

ಆರ್ವಿಡ್ ಕೋಟು ಹಾಕಿಕೊಂಡ. ಟೋಪಿ. ಕೈಗವಸು.
"ಎಲ್ಲಿಗೋ?"
"ಇಲ್ಲೇ."
ಕಿಟಕಿಯಾಚೆ, ಮೈನಸ್ ಇಪ್ಪತ್ತರಲ್ಲಿ,
ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು.

ರೇನೋ ನೋಡಿಯೂ ನೋಡದವನಂತೆ
ಬೂದಿಬಟ್ಟಲನ್ನು ವರ್ನಾಳ ಕಡೆಯಿಂದ
ಒಂದು ಗೇಣು ಈಚೆಗೆ ಎಳೆದುಕೊಂಡ.
ಒಂದೇ ಗೇಣು.
"ನನ್ನ ಮತವೇನೂ ಬದಲಾಗಿಲ್ಲ" ಅಂದ,
ಯಾರೂ ಕೇಳದಿದ್ದರೂ.