ಏಡಿಬಿಲ

ಕೆರಗೋಡಿನ ಬಸ್ಸಿಳಿದು ಸೀದಾ ಲ್ಯಾಬಿಗೆ ಬಂದರು
(ಬೇರೆ ಊರೂ ಇದ್ದೀತು; ಹೆಸರು ಜಯಶೀಲಾ ಎಂದಿಟ್ಟುಕೊಳ್ಳಿ).
ಚೀಟಿ ಕೊಡಲಿಲ್ಲ, ಕೂರಲಿಲ್ಲ,
ಕೌಂಟರಿನ ಗಾಜಿಗೆ ಬಾಯಿ ಹತ್ತಿರ ತಂದು ಕೇಳಿದರು:
“ನಾ ಯಾರ್ಗೂ ಯೋಳಿಲ್ಲ ಕಣವ್ವ, ಗಂಡಂಗೂ.
ನಿಮ್ ಫಾರಮ್ಮಿಗ್ ಮಾತ್ರ ಯೋಳಿದ್ದೆ.
ಫೋನ್ ಮಾಡೋರ್ಗೆ ಎಂಗ್ ಗೊತ್ತಾಯ್ತು?”

ಹಲ್ಲು ಬಿಟ್ಟು ಸಮಾಧಾನ ಹೇಳೋಣವೆಂದರೆ
ನಗು ಸಿಗಲಿಲ್ಲ.

ನೂರಡಿ ರಸ್ತೆಯ ನಮ್ಮ ಲ್ಯಾಬಿಗೆ ಎರಡು ಬೀಗ,
ಒಂದು ಕ್ಯಾಮೆರಾ, ರಕ್ತದ ಸೀಸೆಗಳಿಗೆ ಫ್ರಿಜ್ಜು,
ವೆಬ್‌ಸೈಟಿನ ನೆತ್ತಿಯಲ್ಲಿ ಪುಟ್ಟ ಬೀಗದ ಚಿತ್ರ.
ರಕ್ತ ತೆಗೆಯುವುದು ಸುನಂದಕ್ಕ, ಸೈಟು ನೋಡುವುದು ನಾನು.
“ಬಿ.ಕಾಂ ಮಾಡಿದೀಯಲ್ಲ, ನೋಡ್ಕೊ” ಅಂದಿದ್ದರು ನಿಂಗರಾಜಣ್ಣ.
ಅಷ್ಟೇ ನನ್ನ ವಿದ್ಯೆ.

ಆ ರಾತ್ರಿ ಪುಟದ ಹೊಟ್ಟೆ ಬಗೆದು ನೋಡಿದೆ.
ನಮ್ಮದೆನ್ನುವುದು ನಾಲ್ಕೇ ಸಾಲು;
ಮಿಕ್ಕಿದ್ದು ಹತ್ತೊಂಬತ್ತು ಪರರ ಸ್ಕ್ರಿಪ್ಟು:
ಜಾಹೀರಾತಿನವರದು, ನಕ್ಷೆಯವರದು,
ಯುಗಾದಿಗೆ ಪರದೆ ತುಂಬ ಹೂ ಉದುರಿಸಿದ್ದೊಂದು,
ಎರಡು ವರ್ಷದ ಹಿಂದೆ ಬಿಟ್ಟಿಯೆಂದು ಹಾಕಿಸಿದ ಚಾಟ್ ಡಬ್ಬಿ.
ಡಬ್ಬಿ ತೆಗೆದಿದ್ದೆವು.
ಬೇರು ಅಲ್ಲೇ ಇತ್ತು.

ನನ್ನ ದೊಡ್ಡಪ್ಪ ನೀರುಗಂಟಿ.
ತೂಬು ನೆಟ್ಟಗಿದ್ದೂ, ನಾಲೆ ತುಂಬಿದ್ದೂ
ಗದ್ದೆಯಲ್ಲಿ ನೀರು ನಿಲ್ಲದಿದ್ದರೆ
ಆತ ತೂಬಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.
ಬಗ್ಗಿ ಬದುವಿಗೆ ಅಂಗೈ ಇಡುತ್ತಿದ್ದ.
“ಏಡಿ ಕೊರ್ದದೆ ನೋಡ್ ಮಗ. ಇಲ್ಲಿ.”
ಬೆರಳಷ್ಟು ಬಿಲ.
ಬೆಳಗಾಗುವಷ್ಟರಲ್ಲಿ ಒಂದು ಮಡಿಯ ನೀರು.

ನಾನೂ ಬಗ್ಗಿದೆ.
ಸುಳ್ಳು ಹೆಸರು, ಸುಳ್ಳು ನಂಬರು ಕುಟ್ಟಿದೆ ಫಾರಮ್ಮಿಗೆ,
‘ಕಳುಹಿಸಿ’ ಒತ್ತಲಿಲ್ಲ.
ಆಗಲೇ ಅಕ್ಷರಕ್ಕೊಂದು ಹನಿ
ಕಂಡರಿಯದ ವಿಳಾಸಕ್ಕೆ ಜಿನುಗುತ್ತಿತ್ತು.
ಗಾಬರಿಯಲ್ಲಿ ಅಳಿಸಿದೆ.
ಅಳಿಸಿದ್ದೂ ಹೋಯಿತು.

ಡಬ್ಬಿಯವರ ಮನೆಗೆ ಹಳೇ ಪಾಸ್‌ವರ್ಡು ಇನ್ನೂ ಹಿಡಿಯುತ್ತಿತ್ತು.
ಒಳಗೆ ಸಾವಿರದ ನೂರ ನಲವತ್ತು ಜನ,
ಅವರ ಬೆರಳು ತಡವರಿಸಿದ ಜಾಗ ಸಮೇತ,
ಮದುವೆ ವಿಡಿಯೋದ ಹಾಗೆ ಹಿಂದೆ ಮುಂದೆ ಓಡಿಸಿ ನೋಡಬಹುದು.
ಜಯಶೀಲಾ, ಮಧ್ಯಾಹ್ನ ಎರಡೂ ಕಾಲು.
‘ಪರೀಕ್ಷೆ ಏತಕ್ಕೆ?’ ಎಂಬ ಖಾನೆಯಲ್ಲಿ
ಒಂದು ಪದ ಬರೆದರು. ನಿಂತರು. ಅಳಿಸಿದರು.
‘ಸುಸ್ತು’ ಎಂದು ಬರೆದರು.

ಬೆಳಿಗ್ಗೆ ನಿಂಗರಾಜಣ್ಣ ಮೊದಲು ಕೇಳಿದ್ದು,
“ದಂಡ ಎಷ್ಟಾಯ್ತದೆ?”
ಆಮೇಲೆ ಕಬ್ಬಿನಹಾಲು ತರಿಸಿದರು; ಇಬ್ಬರೂ ಕುಡಿಯಲಿಲ್ಲ,
ನೊರೆ ಇಳಿದು ಲೋಟದಲ್ಲಿ ಕಪ್ಪಾಯಿತು.
ಹದಿನೆಂಟು ಸ್ಕ್ರಿಪ್ಟು ಕಿತ್ತೆ, ನಕ್ಷೆಯೊಂದನ್ನು ಬಿಟ್ಟೆ.
ಯಾವ ತೂಬು ಯಾವ ಗದ್ದೆಗೆಂದು ಪಟ್ಟಿ ಬರೆದೆ,
ಪಟ್ಟಿಯಲ್ಲಿಲ್ಲದವರಿಗೆ ಹನಿಯೂ ಇಲ್ಲ.
ಜನ ಬರುವ ಮೊದಲೇ ನಾವೇ ಟಿಕ್ಕು ಹಾಕಿಟ್ಟಿದ್ದ
‘ಒಪ್ಪಿದ್ದೇನೆ’ಯ ಟಿಕ್ಕು ತೆಗೆದೆ.

ಎಲ್ಲರಿಗೂ ತಿಳಿಸಬೇಕು, ಕಾನೂನಿದೆ, ಎಂದೆ.
‘ನಿಮ್ಮ ವಿವರ ನಮ್ಮ ಪುಟದಿಂದ ಸೋರಿದೆ.’
“ಸೋರಿದೆ ಅಂತ ಬ್ಯಾಡ. ತಾಂತ್ರಿಕ ಅಡಚಣೆ ಅಂತಾಕು.”
ಅಳಿಸಿದೆ.
ಅವರು ಊಟಕ್ಕೆ ಹೋದರು.
ಮತ್ತೆ ಬರೆದೆ, ಕಳುಹಿಸಿದೆ.

ಹೋದ ವಾರ ವರದಿ ಒಯ್ಯಲು ಬಂದರು ಆಕೆ.
ನನ್ನ ಮುಖದಲ್ಲಿ ಏನು ಕಂಡಿತೋ,
ಗಾಜಿನಿಂದ ಒಂದು ಹೆಜ್ಜೆ ಹಿಂದೆ ನಿಂತರು.
ಸೋರಿದ್ದೇನೆಂದು ತಿಳಿಯಲು
ನಾನೂ ಓದಬೇಕಾಯಿತಲ್ಲ.
ಲಕೋಟೆಗೆ ಅಂಟು ಸವರಿ, ಎರಡು ಸಲ ಒತ್ತಿ ಕೊಟ್ಟೆ.

ಆ ಪದ ನನಗೆ ಗೊತ್ತು.
ಇಲ್ಲಿ ಬರೆಯುವುದಿಲ್ಲ.