ಇನ್ನೊಂದು ಕಾಲು

ಉದ್ಯಮಬಾಗದ ಮೂರನೇ ಗಲ್ಲಿ, ನೀಲಿ ಪತ್ರಾಸಿನ ಶೆಡ್ಡು.
ಲಾರಿ ಸಿಲಿಂಡರಿಗೆ ಬೋರು ಹೊಡಿಯೋ ಯಂತ್ರ ನಂದು.
ಅದರ ಮುಂದ ಇವತ್ತ ಒಬ್ಬಾಕಿ
ಉಪ್ಪಿನಕಾಯಿ ಡಬ್ಬಿಯಷ್ಟ ದೊಡ್ಡದೊಂದು ತಂದಿಟ್ಟು
'ಕಸ್ತೂರಿ ಆಂಟಿ, ಇದು ನನ್ನ ಗಾಡೀದು' ಅಂದ್ಲು.

ಅರ್ಶಿಯಾ ದೇಸೂರ. ನಾಲ್ಕನೇತ್ತಾ.
ಮೊಣಕಾಲಿಗೆ, ಅಪ್ಪನ ವೆಲ್ಡಿಂಗ್ ಕೈಗವಸು ಹರಿದು ಹೊಲಿದ ಚರ್ಮದ ಪಟ್ಟಿ.
ಹಿಂದ ದಸ್ತಗೀರ, ಮಗಳ ಹೆಲ್ಮೆಟ್ಟು ಬಗಲಾಗ ಹಿಡಕೊಂಡು
ಕಲ್ಲಂಗಡಿ ಕೊಂಡವರಂಗ ನಿಂತಾನ.

ಐವತ್ತು ಸಿಸಿ, ಟೂ ಸ್ಟ್ರೋಕ್.
ವಾಲ್ವಿಲ್ಲ, ಗೇರಿಲ್ಲ, ಕೈಯಾಗ ಕ್ಲಚ್ಚಿಲ್ಲ,
ಗೋಡಿಗೆ ನಾಕು ಕಿಂಡಿ, ನಡುವ ಹತ್ತಿಳಿಯೂದೊಂದು ಪಿಸ್ಟನ್.
'ಫೋರ್ ಸ್ಟ್ರೋಕ್ ಅಂದ್ರ?'
ಅದು ನಮ್ಮ ಶೇಠನಂಗವಾ:
ಉಸಿರು ಎಳಕೊಂತೈತಿ, ಅವಚಿ ಹಿಡಿತೈತಿ,
ಬೈತೈತಿ, ಉಸಿರು ಬಿಡತೈತಿ.
ಎರಡು ಸುತ್ತಿಗೊಮ್ಮೆ ಬೈಗಳ.
'ಮತ್ತ ನಂದು?'
ನಿಂದು ನಿನ್ನಂಗ. ಉಣ್ಣೂದು, ಮಾತಾಡೂದು ಒಟ್ಟಿಗೆ.

'ಸಿಸಿ ಅಂದ್ರ ಎಷ್ಟು?'
ಚಾದ ಗ್ಲಾಸು ತರಿಸಿದೆ.
ಅರ್ಧಕ್ಕ ಐವತ್ತು.
ಇನ್ನೊಂದು ಗುಟುಕು ಬಿಟ್ಟರ ಅರವತ್ತೈದು.
ಅಂಚಿಗೆ ಬೆರಳಷ್ಟು ಬಿಟ್ಟರ ಎಂಬತ್ತೈದು.
ತುಂಬಿ ಬಸಿಯಾಗ ಚೆಲ್ಲಿತಂದ್ರ ನೂರಾಹತ್ತು,
ಅದು ಫೋರ್ ಸ್ಟ್ರೋಕಿನ ದೊಡ್ಡ ಹುಡುಗರದು.
'ಅರ್ಧಾ ಚಾದಾಗ ನಾ ಮಚ್ಛೆ ಮುರ್ರಮಿನ ಗುಂಡಿ ಏರ್ತೇನಿ?'
ಅಷ್ಟರಾಗ ನಾ ಇಡೀ ದಿನ ಏರ್ತೇನಲ್ಲ.

ಸಿಲಿಂಡರಿನೊಳಗ ಬೆರಳು ಆಡಿಸಿದೆ. ಗೀರು, ಉದ್ದಕ.
ಎಣ್ಣಿ ಎಷ್ಟ ಹಾಕ್ತಿ?
'ಲೀಟರಿಗೆ ಇಪ್ಪತ್ತೈದು ಮಿಲಿ.
ಆವತ್ತ ಅಪ್ಪಾ ಹಾಕಿದ್ದ.'
ದಸ್ತಗೀರ ಹೆಲ್ಮೆಟ್ಟಿನೊಳಗ ಏನೋ ಕಳಕೊಂಡವರಂಗ ಇಣಕಿದ.

ಎಷ್ಟು ಕೊರೀಬೇಕ್ರಿ?
ಕಾಲು, ಅಂದೆ.
ಅಕಿ ತನ್ನ ಕಾಲು ನೋಡಿಕೊಂಡ್ಲು.

ಅಲ್ಲವಾ, ಕಾಲು ಮಿಲಿಮೀಟರು.
ಹೋದ ವರ್ಷ ಒಂದು ಕಾಲು, ಯುಗಾದಿಗೆ ಇನ್ನೊಂದು,
ಇದು ಮೂರನೇದು. ಇದರ ಮುಂದ ಪಿಸ್ಟನ್ ಸಿಗೂದಿಲ್ಲ,
ಗೋಡಿ ತೆಳ್ಳಗಾಗೇತಿ.
ಎಂಜಿನ್ ಬೆಳಿಯೂದು ಹಿಂಗ:
ಹೊರಗ ಇದ್ದಷ್ಟ, ಒಳಗ ತನ್ನ ತಾನ ಕಳಕೊಂತ.

ಇಕಿ ಹಂಗಲ್ಲ. ದೀಪಾವಳಿಗೆ ಸೀಟಿನ ಮ್ಯಾಲಿಂದ
ಬೆರಳತುದಿ ಅಷ್ಟ ನೆಲಕ್ಕ ಹತ್ತಿದ್ದು,
ಈಗ ಹಿಮ್ಮಡ ಊರಿ ಮೊಣಕಾಲು ಹ್ಯಾಂಡಲಿಗೆ ಬಡೀತಾವ.
ಕೊಲ್ಲಾಪುರದಾಗ ಒಂದು ಅರವತ್ತೈದು ಐತಂತ,
ಆರು ಗೇರು, ಎಡಗೈಗೆ ಕ್ಲಚ್ಚು.
ಅದರ ಗುಣ ನಾ ಬಲ್ಲೆ:
ಸುಮ್ಮನಿರತೈತಿ, ಸುಮ್ಮನಿರತೈತಿ,
ಆಮ್ಯಾಲ ಒಮ್ಮೆಲೇ ಯಾರೋ ಹಿಂದಿಂದ ನೂಕಿದಂಗ.

ಇಷ್ಟಾಕಿ ಇದ್ದಾಗ ನಾ
ಅಣ್ಣನ ಸೈಕಲ್ಲಿನ ದಂಡಿಗಿ ಕೆಳಗ ಕಾಲು ತೂರಿಸಿ
ಸೊಟ್ಟಾಗಿ ತುಳದಾಕಿ. ಸೀಟಿಗೆ ಏರಲೇ ಇಲ್ಲ.
ಗೇರು ಕಲತದ್ದು ಈ ಯಂತ್ರದ ಮ್ಯಾಲ,
ಇದು ನಿಂತಲ್ಲೇ ನಿಲ್ಲತೈತಿ.

ಟೂಲು ಇಳೀತು. ಬೀಡು ಕಬ್ಬಿಣ ಸುರುಳಿ ಬಿಡೂದಿಲ್ಲ,
ಕರೀ ರವಾ ಉದರತೈತಿ.
ಅಕಿ ಅಂಗೈ ಒಡ್ಡಿದ್ಲು, ತಡಿ, ಸುಡತೈತಿ ಅಂದ್ರೂ.
'ಈಗ ಎಷ್ಟು ಸಿಸಿ ಆತ್ರಿ?'
ಐವತ್ತೊಂದರ ಹತ್ರ.
ತುಟಿ ಅಲ್ಲಾಡಿದವು, ಬೆರಳು ಮಡಚಿದವು:
'ಹಂಗಾರ ಅರವತ್ತೈದಕ್ಕ ಇನ್ನ ಹದಿನಾಕ ಉಳದಾವ.'

ದಸ್ತಗೀರನೂ ಎಣಿಸಾಕತ್ತಿದ್ದ.
ಅಂವ ಎಣಿಸಿದ್ದು ಸಿಸಿ ಇರಲಿಕ್ಕಿಲ್ಲ.